ಹೋಗಿಬರೋದು ನಿಂತ ಮೇಲೆ ಸಂತೋಷ ನಿಲ್ಲುವುದೆಲ್ಲಿ?

ಪ್ರಶ್ನೆ: ಮೇಡಂ, ನನಗೆ 52 ವರ್ಷ. ಸಕಲೇಶಪುರ ತಾಲ್ಲೂಕಿನ ಒಂದು ಹಳ್ಳಿ. ಎಂಟು ಎಕರೆ ಕಾಫಿ, ಜೊತೆಗೆ ಮೆಣಸು ಇದೆ. ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಯಜಮಾನರು ಒಳ್ಳೆಯವರು, ಮಾತು ಕಡಿಮೆ. ಹೇಳಿಕೊಳ್ಳುವಂಥ ಕಷ್ಟ ಏನೂ ಇಲ್ಲ. ಆದರೂ ಸಂತೋಷ ಅನ್ನೋದು ಮನಸ್ಸಿಗೆ ಅಂಟುವುದೇ ಇಲ್ಲ. ದಿನಾ ಒಂದು ಗಂಟೆ ಪೂಜೆ ಮಾಡುತ್ತೇನೆ. ಧರ್ಮಸ್ಥಳ, ಶೃಂಗೇರಿ, ಹೊರನಾಡು ವರ್ಷಕ್ಕೊಮ್ಮೆ ತಪ್ಪಿಸಿಲ್ಲ. ಕಳೆದ ಸಲ ಹಾಸನಾಂಬೆ ದರ್ಶನಕ್ಕೆ ಆರು ಗಂಟೆ ಸಾಲಿನಲ್ಲಿ ನಿಂತೆ. ದೇವಿಯನ್ನು ನೋಡಿದಾಗ ಕಣ್ಣು ತುಂಬಿ ಬಂತು. ಬಸ್ಸು ಊರು ಮುಟ್ಟುವಷ್ಟರಲ್ಲಿ ಎಲ್ಲ ಖಾಲಿ. ನನ್ನ ಭಕ್ತಿಯಲ್ಲೇ ಕೊರತೆ ಇದೆಯಾ? ದೇವರು ನನ್ನ ಮೇಲೆ ಮುನಿಸಿಕೊಂಡಿದ್ದಾನಾ? ಒಬ್ಬ ಜ್ಯೋತಿಷಿ ಪಿತೃದೋಷ ಅಂದರು, ಹೋಮಕ್ಕೆ 45,000 ರೂಪಾಯಿ ಆಗುತ್ತದಂತೆ. ಯಜಮಾನರು "ಎಲ್ಲ ಇದೆಯಲ್ಲ, ಇನ್ನೇನು ಬೇಕು ನಿನಗೆ" ಅನ್ನುತ್ತಾರೆ. ಇದಕ್ಕೂ ಅದಕ್ಕೂ ಸಂಬಂಧ ಇದೆಯೋ ಇಲ್ಲವೋ ಗೊತ್ತಿಲ್ಲ, ಹೇಳುತ್ತೇನೆ. ನನ್ನ ತವರು ಮೂಡಿಗೆರೆ ಕಡೆ. ಏಳು ವರ್ಷದ ಹಿಂದೆ ಅಪ್ಪ ತೀರಿಕೊಂಡರು. ಖಾತೆ ಬದಲಾವಣೆಗೆ ತಮ್ಮ ನನ್ನ ಸಹಿ ಕೇಳಿದಾಗ "ನನಗೂ ಒಂದು ಪಾಲು ಬೇಕಲ್ವಾ" ಅಂದೆ. ಅಷ್ಟೇ. ಅವತ್ತಿನಿಂದ ಮಾತಿಲ್ಲ, ಹೋಗಿಬರೋದಿಲ್ಲ. ಆರು ಗೌರಿ ಹಬ್ಬ ಆಯ್ತು, ತವರಿನ ಬಾಗಿನ ಬಂದಿಲ್ಲ. ಅಮ್ಮನಿಗೆ 78, ತಮ್ಮನ ಮನೆಯಲ್ಲೇ ಇದ್ದಾರೆ. ಯಾರದಾದರೂ ಮದುವೆಯಲ್ಲಿ ದೂರದಿಂದ ನೋಡುತ್ತೇನೆ. ಪ್ರತಿ ವರ್ಷ ಅಮ್ಮನಿಗೆ ಅಂತ ಒಂದು ಮೊರ ತುಂಬಿಸಿಡುತ್ತೇನೆ. ಆಮೇಲೆ ಬೇಳೆ, ಬೆಲ್ಲ ಎಲ್ಲ ತೆಗೆದು ಖಾಲಿ ಮೊರ ಅಟ್ಟಕ್ಕೆ ಹಾಕುತ್ತೇನೆ. ದಾರಿ ತೋರಿಸಿ.

ಉತ್ತರ: ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಹಾಸನದಲ್ಲಿ ಆಪ್ತ ಸಮಾಲೋಚಕಿಯಾಗಿ ನನಗೆ 23 ವರ್ಷ ಆಯಿತು. ಇಷ್ಟು ವರ್ಷದಲ್ಲಿ ಒಂದು ವಿಷಯ ಗಮನಿಸಿದ್ದೇನೆ. ಬಂದವರು ಒಂದು ಗಂಟೆ ಕೂತು ನಿದ್ದೆ, ತಲೆನೋವು, ಮಕ್ಕಳ ಓದು ಅಂತ ಮಾತಾಡುತ್ತಾರೆ. ಎದ್ದು ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುವಾಗ ಒಂದು ಮಾತು ಹೇಳುತ್ತಾರೆ. ಬಂದ ಕಾರಣ ಅದೇ ಆಗಿರುತ್ತದೆ. ನಿಮ್ಮ ಪತ್ರದಲ್ಲಿ ಅಂಥ ಮಾತು ಅಟ್ಟದ ಮೇಲಿನ ಮೊರ.

ನೀವು ಕೇಳಿದ್ದು ಸಂತೋಷ ಯಾಕೆ ನಿಲ್ಲುತ್ತಿಲ್ಲ ಅಂತ. ಅದರ ಒಳಗೆ ಒಂದು ಹೆದರಿಕೆ ಇದೆ: ತಪ್ಪು ನನ್ನದೇನಾ, ದೇವರೂ ನನ್ನನ್ನು ದೂರ ಇಟ್ಟನಾ ಅಂತ. ಮೊದಲು ಆ ಹೆದರಿಕೆಯನ್ನೇ ನೋಡೋಣ.

ನಾನೂ ದಿನಾ ದೀಪ ಹಚ್ಚುವವಳೇ. ಆದರೆ ದೇವರ ಮನಸ್ಸಿನಲ್ಲಿ ಏನಿದೆ ಅಂತ ಹೇಳುವ ಅಧಿಕಾರ ನನಗಿಲ್ಲ. ದುಡ್ಡಿನ ಲೆಕ್ಕ ಇಟ್ಟುಕೊಂಡು ಹೇಳುವವರಿಗೂ ಇಲ್ಲ ಅಂತ ನನ್ನ ಅಭಿಪ್ರಾಯ. ಈ ಹೆದರಿಕೆ ಮನುಷ್ಯರಿಗೆ ಏನು ಮಾಡುತ್ತದೆ ಅನ್ನೋದು ಮಾತ್ರ ಗೊತ್ತು. ಅಮೆರಿಕದಲ್ಲಿ ಆಸ್ಪತ್ರೆ ಸೇರಿದ್ದ ಸುಮಾರು 600 ಹಿರಿಯರನ್ನು ಎರಡು ವರ್ಷ ಗಮನಿಸಿ, 2001ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕೆನ್ನೆತ್ ಪಾರ್ಗಮೆಂಟ್ ಅನ್ನುವ ಮನಃಶಾಸ್ತ್ರಜ್ಞರ ತಂಡ. ದೇವರು ನನ್ನ ಕೈಬಿಟ್ಟ, ದೇವರಿಗೆ ನನ್ನ ಮೇಲೆ ಪ್ರೀತಿ ಇಲ್ಲ ಅಂದುಕೊಂಡು ಕೊರಗಿದವರಲ್ಲಿ ಸಾವಿನ ಸಾಧ್ಯತೆ ಜಾಸ್ತಿ ಇತ್ತು. ಅದೇ ದೇವರನ್ನು ಜೊತೆಗಾರ ಅಂತ ನಂಬಿದವರಿಗೆ ಕಾಯಿಲೆ ತಡೆದುಕೊಳ್ಳೋಕೆ ನಂಬಿಕೆ ಆಸರೆಯಾಗುತ್ತದೆ ಅಂತ ಇಂಥ ಬೇರೆ ಅಧ್ಯಯನಗಳೂ ಹೇಳುತ್ತವೆ. ಅಂದರೆ ಪೂಜೆ ಎಷ್ಟು ಹೊತ್ತು ಅನ್ನೋದಕ್ಕಿಂತ, ಪೂಜೆಗೆ ಕೂತಾಗ ಎದುರಿಗಿರುವವರು ಯಾರು ಅಂತ ನೀವು ಅಂದುಕೊಳ್ಳುತ್ತೀರಿ ಅನ್ನೋದು ದೊಡ್ಡದು. ತಾಯಿಯ ಮುಂದೆ ಕೂತಿದ್ದೀರಾ, ತಪ್ಪು ಹುಡುಕುವ ಅಧಿಕಾರಿಯ ಮುಂದೆ ಕೂತಿದ್ದೀರಾ?

ನಿಮ್ಮ ಭಕ್ತಿಯಲ್ಲಿ ಕೊರತೆ ಇದೆ ಅಂತ ನನಗೆ ಅನ್ನಿಸುವುದಿಲ್ಲ. ಆರು ಗಂಟೆ ನಿಂತು, ನೋಡಿದ ಕ್ಷಣದಲ್ಲಿ ಕಣ್ಣು ತುಂಬಿತಲ್ಲ, ಅದು ನಿಜವಾದ ಸಂತೋಷವೇ. ಸುಳ್ಳು ಸಂತೋಷ ಆಗಿದ್ದರಿಂದ ಖಾಲಿಯಾಯಿತು ಅಂತ ತಿಳಿಯಬೇಡಿ. ಕಾಫಿ ಬೆಳೆಯುವ ನಿಮಗೆ ನಾನು ಹೇಳಬೇಕಾಗಿಲ್ಲ. ಹೂ ಮಳೆ ಬಂದರೆ ಒಂಬತ್ತು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ. ಊರಿಗೆ ಊರೇ ಘಮ ಅನ್ನುತ್ತದೆ. ಆದರೆ ಆಮೇಲೆ ಹೂವು ಕಾಯಿ ಕಚ್ಚಲು ಬೇಕಾದ ಎರಡನೇ ಮಳೆ, ಬ್ಯಾಕಿಂಗ್ ಮಳೆ, ಬರಲಿಲ್ಲ ಅಂದರೆ? ಹೂವು ಸುಳ್ಳಲ್ಲ, ಕಾಯಿ ಕಚ್ಚುವುದಿಲ್ಲ ಅಷ್ಟೇ. ನಿಮಗೆ ಹೂ ಮಳೆ ವರ್ಷಕ್ಕೆ ಮೂರು ನಾಲ್ಕು ಸಲ ಚೆನ್ನಾಗಿಯೇ ಆಗುತ್ತಿದೆ. ಹಿಂದೆಯೇ ಬರಬೇಕಾದ ಮಳೆ ಬರುತ್ತಿಲ್ಲ. ಆ ಮಳೆ ದೇವಸ್ಥಾನದಲ್ಲಿ ಬರುವಂಥದ್ದಲ್ಲ, ಮನೆಯಲ್ಲಿ, ಜನರ ನಡುವೆ ಬರಬೇಕಾದದ್ದು.

ಇನ್ನು "ಎಲ್ಲ ಇದೆಯಲ್ಲ" ಅನ್ನುವ ನಿಮ್ಮ ಯಜಮಾನರ ಮಾತು. ಅವರು ಕೆಟ್ಟ ಮನಸ್ಸಿನಿಂದ ಹೇಳುತ್ತಿಲ್ಲ, ಆದರೆ ಲೆಕ್ಕ ತಪ್ಪಿದೆ. ಮೊನ್ನೆ ಮೊನ್ನೆ ಕಾಫಿ ರೇಟು ಏರಿತಲ್ಲ, ನಮ್ಮ ಕಡೆ ಎಷ್ಟು ಮನೆಗೆ ಹೊಸ ಕಾರು ಬಂತು! ಮೊದಲ ವಾರ ಕಾರಿಗೆ ದಿನಾ ಸ್ನಾನ. ಮೂರು ತಿಂಗಳಿಗೆ ಅದು ಬರೀ ಕಾರು. ಇದ್ದದ್ದಕ್ಕೆ ಒಗ್ಗಿಕೊಳ್ಳುವುದು ಮನಸ್ಸಿನ ಸ್ವಭಾವ. ದುಃಖಕ್ಕೂ ಹಾಗೇ ಒಗ್ಗಿಕೊಳ್ಳುತ್ತದೆ, ಇಲ್ಲದಿದ್ದರೆ ನಾವು ಬದುಕುತ್ತಿರಲಿಲ್ಲ. ಹಾಗಾಗಿ ವಸ್ತುಗಳಿಂದ ಬಂದ ಸಂತೋಷ ಬೇಗ ಸಪ್ಪೆಯಾದರೆ ಅದು ನಿಮ್ಮ ದೋಷ ಅಲ್ಲ.

ಜನರ ಜೊತೆಗಿನ ಸಂಬಂಧ ಅಷ್ಟು ಸುಲಭಕ್ಕೆ ಸಪ್ಪೆಯಾಗುವುದಿಲ್ಲ. ಕಾರು ಇವತ್ತೂ ಅದೇ ಕಾರು. ಮಗಳು ಇವತ್ತು ಫೋನಿನಲ್ಲಿ ಹೇಳುವುದು ನಿನ್ನೆ ಹೇಳಿದ್ದಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದವರು 1938ರಲ್ಲಿ ಒಂದು ಅಧ್ಯಯನ ಶುರು ಮಾಡಿದರು. 724 ಜನ. ಕೆಲವರು ಆ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು, ಉಳಿದವರು ಬೋಸ್ಟನ್ ಊರಿನ ಬಡ ಮನೆಗಳ ಹುಡುಗರು. ಅವರ ಬದುಕನ್ನು ಮುಪ್ಪಿನ ತನಕ ನೋಡುತ್ತಾ ಬಂದರು. 80ರ ವಯಸ್ಸಿನಲ್ಲಿ ಯಾರು ಗಟ್ಟಿಯಾಗಿ, ಖುಷಿಯಾಗಿ ಇರುತ್ತಾರೆ ಅಂತ 50ರಲ್ಲೇ ಅಂದಾಜು ಮಾಡಲು ಕೊಲೆಸ್ಟ್ರಾಲ್ ನೋಡುವುದಕ್ಕಿಂತ ಅವರ ಸಂಬಂಧಗಳು ಹೇಗಿವೆ ಅಂತ ನೋಡುವುದು ಹೆಚ್ಚು ನೆರವಾಯಿತಂತೆ. ನನ್ನ ಚಿಕ್ಕ ಕೋಣೆಯಲ್ಲಿ ನಾನು ಕಂಡದ್ದೂ ಇದನ್ನೇ.

ಆಲೂರು ಕಡೆಯ ಒಬ್ಬ ಹಿರಿಯರು ಬರುತ್ತಿದ್ದರು. 63 ವರ್ಷ. ಅಣ್ಣನ ಜೊತೆ ಹೊಲದ ಬದುವಿನ ಜಗಳ, 11 ವರ್ಷ ಮಾತಿಲ್ಲ. ಒಂದೂವರೆ ಅಡಿ ಅಗಲದ ಬದು. ಮಾತಾಡುವಾಗೆಲ್ಲ ಎರಡು ಕೈ ಎದುರಿಗೆ ಚಾಚಿ "ಇಷ್ಟಮ್ಮಾ, ಇಷ್ಟೇ" ಅಂತ ಅಳತೆ ತೋರಿಸುತ್ತಿದ್ದರು. ಅಣ್ಣ ಹೃದಯಾಘಾತದಿಂದ ಹೋಗಿಬಿಟ್ಟರು. ಇವರು ಸಾವಿನ ಮನೆಯ ಬೇಲಿಯ ಆಚೆಯೇ ನಿಂತಿದ್ದು ವಾಪಸ್ ಬಂದರು. "ಇಷ್ಟೂ ವರ್ಷ ಶನಿವಾರ ಶನಿವಾರ ಆಂಜನೇಯನ ಗುಡಿಗೆ ಹೋದೆ, ಒಂದು ದಿನವೂ ಅಲ್ಲಿ ಅಣ್ಣನ ಹೆಸರು ಎತ್ತಲಿಲ್ಲ" ಅಂದರು. ಆ ಮಾತು ನನ್ನ ಜೊತೆ ಉಳಿದುಬಿಟ್ಟಿದೆ.

ನಿಮಗೆ ನಾನು ಕೇಳಬೇಕಾದ ಪ್ರಶ್ನೆಯೂ ಅದೇ. ಆ ಒಂದು ಗಂಟೆಯ ಪೂಜೆಯಲ್ಲಿ ನೀವು ತಮ್ಮನ ವಿಷಯ ಮಾತಾಡುತ್ತೀರಾ? ಅಷ್ಟೋತ್ತರ, ಆರತಿ, ಮಗಳಿಗೆ ಒಳ್ಳೆಯದಾಗಲಿ, ತೋಟ ಚೆನ್ನಾಗಿರಲಿ, ಅಷ್ಟಕ್ಕೇ ಎದ್ದು ಬರುತ್ತೀರಾ? ನೋವಿರುವ ಜಾಗ ಬಿಟ್ಟು ಬೇರೆಲ್ಲ ತೋರಿಸಿದರೆ ಡಾಕ್ಟರಾದರೂ ಏನು ಮಾಡಿಯಾರು? ನಮ್ಮ ಭಕ್ತಿಯಲ್ಲಿ ದೇವರ ಜೊತೆ ಜಗಳ ಆಡಲು ಜಾಗ ಇದೆ. ದಾಸರು ದೇವರನ್ನೇ ಬೈದು ಹಾಡಿದ್ದಾರೆ, ಅದಕ್ಕೆ ನಿಂದಾಸ್ತುತಿ ಅಂತ ಹೆಸರೇ ಇದೆ. ನೀವೂ ಬೈಯಿರಿ. "ಪಾಲು ಕೇಳಿದ್ದು ತಪ್ಪಾ? ಅಮ್ಮನನ್ನು ನನ್ನಿಂದ ಯಾಕೆ ದೂರ ಮಾಡಿದೆ?" ಅಂತ ಕೇಳಿ. ಹೊಗಳುವುದು, ಬೇಡುವುದು ಎರಡನ್ನೇ ಮಾಡುವ ಸಂಬಂಧದಲ್ಲಿ ಎಷ್ಟು ಹತ್ತಿರ ಆಗೋಕೆ ಸಾಧ್ಯ? ಗಂಡ ಹೆಂಡತಿ ನಡುವೆಯೂ ಅಷ್ಟರಲ್ಲಿ ಸಂಸಾರ ಸಾಗುವುದಿಲ್ಲ, ಅಲ್ವಾ?

ಹಾಸನಾಂಬೆಯ ವಿಷಯ ಬರೆದಿದ್ದೀರಿ, ಅದಕ್ಕೇ ಇದನ್ನು ಹೇಳುತ್ತೇನೆ. ಆ ಗುಡಿಯ ಸೊಸೆ ಕಲ್ಲಿನ ಕತೆ ನಿಮಗೂ ಗೊತ್ತಿರುತ್ತದೆ. ಸೊಸೆ ದೇವಿಯ ಮುಂದೆ ಮೈಮರೆತು ನಿಂತಿದ್ದಳು. ಅತ್ತೆ ಬಂದು ಹೊಡೆದಳು. ಏಟು ತಾಗದೇ ಇರಲಿ ಅಂತ ದೇವಿ ಅವಳನ್ನು ಕಲ್ಲು ಮಾಡಿ ತನ್ನ ಹತ್ತಿರವೇ ಇಟ್ಟುಕೊಂಡಳು. ಆ ಕಲ್ಲು ವರ್ಷಕ್ಕೆ ಒಂದು ಕಾಳಿನಷ್ಟು ದೇವಿಯ ಕಡೆ ಸರಿಯುತ್ತದೆ ಅಂತ ನಮ್ಮಲ್ಲಿ ನಂಬಿಕೆ. ಚಿಕ್ಕವಳಿದ್ದಾಗ ಈ ಕತೆ ಕೇಳಿ ಭಯ ಆಗುತ್ತಿತ್ತು. ಈ ಕೆಲಸಕ್ಕೆ ಬಂದ ಮೇಲೆ ಅದು ಬೇರೆ ಥರ ಕಾಣುತ್ತದೆ. ಮನೆಯವರಿಂದಲೇ ಏಟು ತಿಂದ ಎಷ್ಟೋ ಹೆಂಗಸರು ಹೀಗೆ ಕಲ್ಲಾಗಿ ನನ್ನ ಎದುರು ಕೂತಿದ್ದಾರೆ. ಕಲ್ಲಾಗಿದ್ದು ತಪ್ಪಲ್ಲ. ಆ ಹೊತ್ತಿಗೆ ಅದೇ ಅವರನ್ನು ಉಳಿಸಿತು. ನೀವೂ ಏಳು ವರ್ಷದಿಂದ ಒಂದು ಕಡೆ ಕಲ್ಲು ಮಾಡಿಕೊಂಡಿದ್ದೀರಿ. ಕಲ್ಲಿಗೆ ಏಟು ತಾಗುವುದಿಲ್ಲ, ನಿಜ. ಮಗಳ ನಗುವೂ ತಾಗುವುದಿಲ್ಲ. ನೋವು ಒಳಗೆ ಬರದ ಹಾಗೆ ಬಾಗಿಲು ಹಾಕಿದರೆ ಸಂತೋಷವೂ ಆಚೆಯೇ ನಿಲ್ಲುತ್ತದೆ. ಆದರೆ ಆ ಕಲ್ಲು ಕಾಳಿನಷ್ಟಾದರೂ ಸರಿಯುತ್ತಲೇ ಇದೆಯಂತೆ. ವರ್ಷ ವರ್ಷ ಮೊರ ತುಂಬಿಸುತ್ತೀರಲ್ಲ, ಅದು ನೀವು ಸರಿಯುತ್ತಿರುವ ಕಾಳು.

ಈಗ ಏನು ಮಾಡಬಹುದು ಅನ್ನೋದಕ್ಕೆ ಬರೋಣ.

ಹೋಮದ ವಿಷಯ ಬೇಗ ಮುಗಿಸುತ್ತೇನೆ. ಅಪ್ಪನ ನೆನಪಿಗೆ, ಪ್ರೀತಿಯಿಂದ, ಕೈಲಾದಷ್ಟರಲ್ಲಿ ಏನಾದರೂ ಮಾಡಿಸಬೇಕು ಅನ್ನಿಸಿದರೆ ಮಾಡಿಸಿ. ಹೆದರಿಕೊಂಡು, ಸಾಲ ಮಾಡಿ ಬೇಡ. ಅದರ ನಿಜವಾದ ಅಪಾಯ ದುಡ್ಡಿನದಲ್ಲ. ಹೋಮ ಆಯಿತು, ಇನ್ನು ತಾನಾಗೇ ಸರಿ ಹೋಗುತ್ತದೆ ಅಂತ ಮತ್ತೆರಡು ವರ್ಷ ಕಾಯುತ್ತೀರಿ. ಅಮ್ಮನಿಗೆ 78.

ತಮ್ಮನ ವಿಷಯದಲ್ಲಿ ಎರಡು ಗಂಟು ಬಿಗಿದುಕೊಂಡಿವೆ. ಒಂದು ಆಸ್ತಿ, ಇನ್ನೊಂದು ಕರುಳು. ಎರಡನ್ನೂ ಒಟ್ಟಿಗೆ ಎಳೆದರೆ ಎರಡೂ ಬಿಗಿಯುತ್ತವೆ. ಬೇರೆ ಬೇರೆ ಬಿಡಿಸಬೇಕು.

ಪಾಲು ಕೇಳಿದ್ದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಅಂತ 2005ರಲ್ಲಿ ಕಾನೂನು ತಿದ್ದುಪಡಿ ಆಗಿದೆ. 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನೂ ಸ್ಪಷ್ಟ ಮಾಡಿದೆ. ನಿಮ್ಮ ತವರಿನ ಆಸ್ತಿ ಯಾವ ಬಗೆಯದು, ಹಿಂದೆ ವಿಭಾಗ ಆಗಿದೆಯಾ ಅನ್ನೋದನ್ನು ಕಾಗದ ನೋಡಿ ವಕೀಲರು ಹೇಳಬೇಕು. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ಸಲಹೆ ಸಿಗುತ್ತದೆ. ಕೋರ್ಟಿನ ಆವರಣದಲ್ಲೇ ಅವರ ಕಚೇರಿ ಇರುತ್ತದೆ. ಮಾತುಕತೆಯಲ್ಲಿ ಮುಗಿಸಿಕೊಳ್ಳುತ್ತೇವೆ ಅಂದರೆ ಲೋಕ ಅದಾಲತ್ ದಾರಿಯೂ ಇದೆ.

ಒಂದು ಎಚ್ಚರಿಕೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ರಾಜಿ ಆದ ಖುಷಿಯಲ್ಲಿ, ಅಮ್ಮನ ಕಣ್ಣೀರು ನೋಡಿ, ಅದೇ ದಿನ ರಿಲೀಸ್ ಡೀಡಿಗೆ, ಅಂದರೆ ಹಕ್ಕು ಬಿಟ್ಟುಕೊಡುವ ಪತ್ರಕ್ಕೆ, ಸಹಿ ಹಾಕಬೇಡಿ. ಹಾಗೆ ಹಾಕಿ ಬಂದ ಹೆಂಗಸರನ್ನು ನೋಡಿದ್ದೇನೆ. ಆರು ತಿಂಗಳಿಗೆ ಮೊದಲಿಗಿಂತ ಕಹಿ ಜಾಸ್ತಿ ಆಗಿರುತ್ತದೆ, ಈಗ ಒಡಹುಟ್ಟಿದವನ ಮೇಲಿನ ಸಿಟ್ಟಿನ ಜೊತೆಗೆ ತಮ್ಮ ಮೇಲೆ ತಮಗೇ ಸಿಟ್ಟು. ಕ್ಷಮಿಸುವುದು ಅಂದರೆ ಹಕ್ಕು ಬಿಡುವುದು ಅಂತ ನಮ್ಮ ಹೆಣ್ಣುಮಕ್ಕಳಿಗೆ ಯಾರು ಹೇಳಿಕೊಟ್ಟರೋ. ಪಾಲು ಬೇಡ ಅಂತ ನೀವೇ ಯೋಚಿಸಿ, ಯಜಮಾನರ ಹತ್ತಿರ, ಮಗಳ ಹತ್ತಿರ ಮಾತಾಡಿ, ಮೂರು ತಿಂಗಳು ಬಿಟ್ಟೂ ಹಾಗೇ ಅನ್ನಿಸಿದರೆ ಬಿಡಿ. ಬೇಕು ಅನ್ನಿಸಿದರೆ ಕೇಳಿ. ಕೇಳಿಕೊಂಡೇ ಅಕ್ಕನಾಗಿ ಇರಬಹುದು.

ಇನ್ನು ಕರುಳಿನ ಗಂಟು. ಅಮ್ಮನಿಂದ ಶುರು ಮಾಡಿ ಅಂತ ನಾನು ಹೇಳುತ್ತೇನೆ. ತಮ್ಮನ ಜೊತೆ ಜಗಳ ಇದೆ, ಅಮ್ಮನ ಜೊತೆ ಇಲ್ಲವಲ್ಲ. ಆದರೂ ಏಳು ವರ್ಷ ಅಮ್ಮನನ್ನೂ ಕಳೆದುಕೊಂಡಿದ್ದೀರಿ. ಅಮ್ಮನ ಕೈಗೆ ಫೋನ್ ಕೊಡುವವರು ಯಾರಾದರೂ ಇರುತ್ತಾರೆ, ತಮ್ಮನ ಮಕ್ಕಳೋ, ಪಕ್ಕದ ಮನೆಯವರೋ. ಊಟ ಆಯ್ತಾ, ಮಂಡಿ ನೋವು ಹೇಗಿದೆ, ಅಷ್ಟು ಮಾತು ಸಾಕು. ಆಸ್ತಿ ಎತ್ತಬೇಡಿ, ತಮ್ಮನ ಮೇಲೆ ದೂರು ಬೇಡ. ಆ ವಯಸ್ಸಿನಲ್ಲಿ ಇಬ್ಬರು ಮಕ್ಕಳ ನಡುವೆ ಅವರನ್ನು ನಿಲ್ಲಿಸಬಾರದು. ಇದರಲ್ಲಿ ಅಪಾಯ ಇಲ್ಲ ಅಂತಲ್ಲ. ಅಕ್ಕ ಅಮ್ಮನ ಕಿವಿ ಊದುತ್ತಿದ್ದಾಳೆ ಅಂತ ತಮ್ಮನಿಗೆ ಅನ್ನಿಸಬಹುದು. ಅದಕ್ಕೇ ಕದ್ದು ಮಾಡಬೇಡಿ. ಅವನಿಗೆ ಗೊತ್ತಾಗುವ ಹಾಗೇ ಮಾಡಿ.

ತಮ್ಮನಿಗೆ ನೇರವಾಗಿ ಫೋನ್ ಮಾಡುವುದಾದರೆ ಮಾತು ಚಿಕ್ಕದಿರಲಿ. "ಜಮೀನಿನ ವಿಷಯ ಆಮೇಲೆ ನೋಡೋಣ ಕಣೋ, ನಿನ್ನ ಜೊತೆ ಮಾತು ಬಿಟ್ಟು ನನಗೆ ಆಗುತ್ತಿಲ್ಲ" ಅಂದರೆ ಸಾಕು. ಯಾರು ಸರಿ ಅನ್ನೋ ವಾದಕ್ಕೆ ಇಳಿಯಬೇಡಿ. ಅವನು ಫೋನ್ ಇಟ್ಟುಬಿಡಬಹುದು. ಇಟ್ಟರೆ ತುಂಬಾ ನೋವಾಗುತ್ತದೆ, ಎರಡು ದಿನ ಊಟ ಸೇರುವುದಿಲ್ಲ, ಅದನ್ನು ಮೊದಲೇ ತಿಳಿದುಕೊಂಡಿರಿ. ಆದರೆ ಇಷ್ಟು ವರ್ಷ "ನಾನು ಕೇಳಲೇ ಇಲ್ಲ" ಅಂತ ಇದ್ದದ್ದು "ನಾನು ಕೇಳಿದೆ" ಅಂತ ಆಗುತ್ತದೆ. ಆ ಎರಡರ ನಡುವಿನ ವ್ಯತ್ಯಾಸ ಆಲೂರಿನ ಆ ಹಿರಿಯರನ್ನು ಕೇಳಬೇಕು.

ಸೋದರಮಾವನೋ ದೊಡ್ಡಪ್ಪನೋ ನಡುವೆ ನಿಂತು ಮಾತಾಡಿಸುವುದು ನಮ್ಮ ಹಳೆಯ ದಾರಿ. ಒಳ್ಳೆಯ ಹಿರಿಯರು ಸಿಕ್ಕರೆ ಅದರಷ್ಟು ಸಲೀಸು ಬೇರೆ ಇಲ್ಲ. ಆದರೆ "ಹೆಣ್ಣುಮಗಳು ನೀನೇ ಸೋತುಬಿಡು" ಅನ್ನುವವರನ್ನು ಕರೆಯಬೇಡಿ. ಮತ್ತೊಂದು ಮಾತು. ಹೊಡೆತ, ಬೆದರಿಕೆ ಇರುವ ಮನೆಯಾದರೆ ನಾನು ಹೀಗೆ ಹೇಳುವುದೇ ಇಲ್ಲ. ಕೆಲವು ಬಾಗಿಲು ಮುಚ್ಚಿರುವುದೇ ಒಳ್ಳೆಯದು. ನಿಮ್ಮ ಪತ್ರದಲ್ಲಿ ಅಂಥದ್ದು ಕಾಣಲಿಲ್ಲ.

ಅಂದಹಾಗೆ, ಇದು ನಮ್ಮ ಒಂದೇ ಧರ್ಮದ ಮಾತಲ್ಲ. ಚರ್ಚಿಗೆ ಹೋಗುವ ನನ್ನ ಸ್ನೇಹಿತೆ ಹೇಳುತ್ತಿದ್ದಳು, ಕಾಣಿಕೆ ಕೊಡಲು ಹೋದಾಗ ಸಹೋದರನ ಜೊತೆ ಮನಸ್ತಾಪ ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ಅವನ ಜೊತೆ ಒಂದಾಗು ಅಂತ ಯೇಸು ಹೇಳಿದ್ದಾರೆ ಅಂತ. ಮೂರು ದಿನಕ್ಕಿಂತ ಜಾಸ್ತಿ ಮಾತು ಬಿಡಬಾರದು ಅಂತ ಪ್ರವಾದಿಗಳ ಮಾತಿದೆ ಅಂತ ನಮ್ಮ ಪಕ್ಕದ ಮನೆಯ ಬೇಗಂ ಅವರು ಹೇಳಿದ್ದರು. ದೇವರ ಮನೆಗೂ ಅಡುಗೆ ಮನೆಗೂ ನಡುವೆ ಗೋಡೆ ಹಾಕಿಕೊಂಡವರು ನಾವು. ದೇವರ ಕಡೆಯಿಂದ ಆ ಗೋಡೆ ಇಲ್ಲ ಅಂತಲೇ ಎಲ್ಲರೂ ಹೇಳಿದ್ದು.

ಪೂಜೆಯನ್ನೂ ಸ್ವಲ್ಪ ಜನರ ಕಡೆ ತಿರುಗಿಸಿ. ಒಂದು ಗಂಟೆಯನ್ನು ಅರ್ಧ ಗಂಟೆ ಮಾಡಿ. ಉಳಿದ ಅರ್ಧ ಗಂಟೆ ಉಳಿಸಿ, ವಾರಕ್ಕೊಂದು ಸಂಜೆ ಊರಿನ ಭಜನೆಗೆ ಹೋಗಿ. ಅಮೆರಿಕದ ಸುಮಾರು 74,500 ನರ್ಸುಗಳನ್ನು 16 ವರ್ಷ ನೋಡಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾರಕ್ಕೆ ಒಂದಕ್ಕಿಂತ ಹೆಚ್ಚು ಸಲ ಪ್ರಾರ್ಥನಾ ಸಭೆಗೆ ಹೋಗುತ್ತಿದ್ದವರಲ್ಲಿ, ಹೋಗದೇ ಇದ್ದವರಿಗಿಂತ ಸಾವಿನ ಪ್ರಮಾಣ ಶೇ. 33ರಷ್ಟು ಕಡಿಮೆ ಇತ್ತು. ಸಭೆಗೆ ಹೋದದ್ದರಿಂದಲೇ ಹೀಗಾಯಿತು ಅಂತ ಖಚಿತವಾಗಿ ಹೇಳಲು ಆಗುವುದಿಲ್ಲ. ಆದರೆ ಅದರ ಒಂದು ಕಾರಣ ಜನರ ಆಸರೆ ಅಂತ ಅಧ್ಯಯನ ಮಾಡಿದವರೇ ತೋರಿಸಿದ್ದಾರೆ. ಭಜನೆಯಲ್ಲಿ ಪಕ್ಕದಲ್ಲಿ ಕೂತವರು "ಯಾಕಕ್ಕ, ಮುಖ ಸಪ್ಪಗಿದೆ" ಅಂತ ಕೇಳುತ್ತಾರಲ್ಲ, ಅದು. ಸಾಲಿನಲ್ಲಿ ಆರು ಗಂಟೆ ನಿಂತಾಗ ನಿಮ್ಮ ಹಿಂದೆ ಮುಂದೆ ಸಾವಿರ ಜನ ಇದ್ದರು. ಒಬ್ಬರಾದರೂ ನಿಮ್ಮ ಹೆಸರು ಕೇಳಿದರಾ?

ಯಜಮಾನರನ್ನು ಮರೆಯಬೇಡಿ. ಮಾತು ಕಡಿಮೆ ಅಂದಿರಿ. ಅಟ್ಟದ ಮೇಲೆ ಆರು ಮೊರ ಇರುವುದು ಅವರಿಗೆ ಗೊತ್ತಾ? ಗೊತ್ತಿಲ್ಲದೇ ಇರಬಹುದು. ಒಂದು ಸಂಜೆ ಮೊರಗಳನ್ನು ಇಳಿಸಿ, ಎದುರಿಗಿಟ್ಟು ಹೇಳಿ. ಅವರು ಏನೂ ಹೇಳದಿದ್ದರೂ ಪರವಾಗಿಲ್ಲ, ನೋಡಲಿ.

ಇದರ ಜೊತೆಗೆ ದೇಹವನ್ನೂ ಒಮ್ಮೆ ತೋರಿಸಿಕೊಳ್ಳಿ. 52ರ ವಯಸ್ಸಿನಲ್ಲಿ ಮುಟ್ಟು ನಿಲ್ಲುವ ಸಮಯದ ಏರುಪೇರು, ಥೈರಾಯ್ಡ್, ರಕ್ತ ಕಡಿಮೆ, ಬಿ12 ಕೊರತೆ, ಇವೆಲ್ಲ ಮನಸ್ಸನ್ನು ಸಪ್ಪೆ ಮಾಡುತ್ತವೆ. ಎರಡು ವಾರಕ್ಕಿಂತ ಹೆಚ್ಚು ದಿನ ನಿದ್ದೆ ಕೆಟ್ಟಿದ್ದರೆ, ಊಟ ರುಚಿಸದಿದ್ದರೆ, ಬೆಳಗಿನ ಜಾವ ಎಚ್ಚರವಾಗಿ ಅಳು ಬರುತ್ತಿದ್ದರೆ, ಬದುಕೇ ಬೇಡ ಅನ್ನಿಸಿದ್ದರೆ ಅದು ಖಿನ್ನತೆ ಇರಬಹುದು. ಖಿನ್ನತೆಗೆ ಚಿಕಿತ್ಸೆ ಇದೆ, ಅದು ಭಕ್ತಿಯ ಸೋಲಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಿ. ರಾತ್ರಿ ಹೊತ್ತು ತಡೆಯಲಾಗಲಿಲ್ಲ ಅಂದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಯಾವ ಹೊತ್ತಿನಲ್ಲಿ ಮಾಡಿದರೂ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಈ ಸಲ ಗೌರಿ ಹಬ್ಬದ ಬಾಗಿನ ತವರಿನಿಂದ ಬರುತ್ತದಾ ಅಂತ ಬಾಗಿಲು ನೋಡುತ್ತಾ ಕೂರಬೇಡಿ. ತಾಯಿಗೆ ಬಾಗಿನ ಕೊಡುವುದು ಮಗಳ ಹಕ್ಕು. ಅದಕ್ಕೆ ಯಾರ ಸಹಿಯೂ ಬೇಡ. ಹಬ್ಬಕ್ಕೆ ಒಂದು ವಾರ ಮುಂಚೆ "ಬಾಗಿನ ಕೊಡಲು ಬರುತ್ತಿದ್ದೇನೆ" ಅಂತ ತಮ್ಮನಿಗೆ ಹೇಳಿ ಕಳಿಸಿ. ಬೇಳೆ, ಬೆಲ್ಲ, ಬಳೆ, ರವಿಕೆ ಕಣ, ಎಲ್ಲ ತುಂಬಿಸಿ ಮೂಡಿಗೆರೆ ಬಸ್ಸು ಹತ್ತಿ. ಒಳಗೆ ಕರೆಯದಿದ್ದರೆ ಜಗುಲಿಯ ಮೇಲೆ ಕೂತು ಅಮ್ಮನ ಕೈಗೆ ಮೊರ ಕೊಟ್ಟು, ಕಾಲಿಗೆ ನಮಸ್ಕಾರ ಮಾಡಿ ಬನ್ನಿ. ಏನಾಯಿತು ಅಂತ ನನಗೆ ಬರೆಯಿರಿ. ಬಾಗಿಲು ತೆಗೆಯಲಿಲ್ಲ ಅಂದರೂ ಬರೆಯಿರಿ, ಆಮೇಲೆ ಏನು ಮಾಡಬಹುದು ಅಂತ ಕೂತು ಯೋಚಿಸೋಣ.